ಖಾಲಿ ರೊಪ್ಪದ ಕೋಸು

ನಮ್ಮ ಮಾವ ಸತ್ತದ್ದು ಕೋಸು ತಿಂದು ಅಲ್ಲ. ಕುರಿ ಕೂಡುವ ರೊಪ್ಪಕ್ಕೆ ಗುದ್ದಲಿ ಹಾಕಿದ್ದಕ್ಕೆ ದೇವರು ಮುನಿದುಕೊಂಡ ಅನ್ನುವುದೂ ಸುಳ್ಳು. ಅವನಿಗೆ ವಯಸ್ಸಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು, ಕುರಿ ಹೋದ ಮೇಲೆ ಊಟ ಬೇಡವಾಗಿತ್ತು. ಸತ್ತ. ಆದದ್ದು ಇಷ್ಟೇ. ಉಳಿದದ್ದೆಲ್ಲ ಊರಿನವರು ಸೇರಿಸಿದ್ದು, ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಈಗ ಇದು ನೆನಪಾದದ್ದು ಒಂದು ವಾಸನೆಯಿಂದ. ನಾನೀಗ ಇರುವುದು ಚಿತ್ರದುರ್ಗದಲ್ಲಿ, ಮಗಳ ಮನೆಯಲ್ಲಿ. ಮೊಮ್ಮಗಳು ಮಹಡಿಯ ಮೇಲೆ ಚೀಲಗಳಿಗೆ ಮಣ್ಣು ತುಂಬಿ ಎಲೆಕೋಸಿನ ಸಸಿ ನೆಟ್ಟಿದ್ದಾಳೆ. ಇವೆಲ್ಲ ಚಳಿಗೆ ಬರುವ ತರಕಾರಿ ಅಜ್ಜಿ, ಈಗಲೇ ಹಾಕಬೇಕು ಎಂದು ನನಗೇ ಪಾಠ ಹೇಳಿದಳು. ಮೊನ್ನೆ ಮದಕರಿಪುರದ ಕಡೆಯಿಂದ ಯಾರೋ ಒಂದು ಚೀಲ ಕುರಿಗೊಬ್ಬರ ತಂದುಕೊಟ್ಟರು. ಅದರ ಬಾಯಿ ಬಿಚ್ಚುವ ಹೊತ್ತಿಗೆ ಕೆಳಗೆ ಅಡುಗೆಮನೆಯಲ್ಲಿ ಮಗಳು ಕೋಸು ಬೇಯಲಿಟ್ಟಿದ್ದಳು. ಎರಡು ವಾಸನೆಯೂ ಒಟ್ಟಿಗೆ ಬಂದು ಮೂಗಿಗೆ ಬಡಿದವು. ಮೊಮ್ಮಗಳು ಬೊಗಸೆ ತುಂಬ ಹಿಕ್ಕೆ ತೆಗೆದು ಸಸಿಯ ಬುಡಕ್ಕೆ ಸುರಿಯಲು ಹೋದಳು.

"ಅಷ್ಟು ಹಾಕಬೇಡ, ಸುಟ್ಟು ಹೋಗ್ತೈತೆ" ಅಂದೆ.

"ನಿಂಗೆ ಹೆಂಗೆ ಗೊತ್ತಜ್ಜಿ?"

ಹೆಂಗೆ ಗೊತ್ತು ಅಂದರೆ ಹೀಗೆ.

ಜವನಗೊಂಡನಹಳ್ಳಿಯಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಊರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿರಬೇಕು. ನಾನು ಮದುವೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅತ್ತೆ ನಾನು ಬಂದ ಮರುವರ್ಷವೇ ತೀರಿಕೊಂಡಿದ್ದಳು. ಮನೆಯಲ್ಲಿ ಮಾವ, ನನ್ನ ಗಂಡ, ನಾನು, ಮತ್ತೆ ಕರಿಯ ಅನ್ನುವ ನಾಯಿ. ಮನೆಯ ಹಿಂದೆ ರೊಪ್ಪ. ರಾತ್ರಿ ಕುರಿ ಕೂಡುವ ಜಾಗವದು. ಸುತ್ತ ಕಲ್ಲುಗೋಡೆ, ಗೋಡೆಯ ಮೇಲೆ ಜಾಲಿಮುಳ್ಳು, ಒಂದು ತಡಿಕೆಯ ಬಾಗಿಲು. ಮನೆ ಚಿಕ್ಕದು, ರೊಪ್ಪ ದೊಡ್ಡದು. ಮನೆಯೊಳಗೆ ಯಾರಾದರೂ ಚಪ್ಪಲಿಯಲ್ಲಿ ಬಂದರೆ ಮಾವ ಸುಮ್ಮನಿರುತ್ತಿದ್ದ. ರೊಪ್ಪದೊಳಗೆ ಚಪ್ಪಲಿ ಕಾಲಿಟ್ಟರೆ ಕೋಲು ಎತ್ತುತ್ತಿದ್ದ.

ಆ ವರ್ಷ ಶ್ರಾವಣದಲ್ಲಿ ಕುರಿಗಳಿಗೆ ರೋಗ ಬಂತು. ಮೊದಲು ಮೂಗು ಸುರಿಯಿತು, ಆಮೇಲೆ ಬಾಯಿ ಹುಣ್ಣಾಯಿತು, ಆಮೇಲೆ ಭೇದಿ. ಬೆಳಿಗ್ಗೆ ತಡಿಕೆ ತೆಗೆದರೆ ಏಳಲಾರದವು ಮಳೆಯಲ್ಲಿ ನೆನೆದುಕೊಂಡು ಬಿದ್ದಿರುತ್ತಿದ್ದವು. ಗಂಡ ಎಳೆದು ಹಾಕುತ್ತಿದ್ದ, ನಾನು ಗುಂಡಿ ಮುಚ್ಚುತ್ತಿದ್ದೆ, ಮಾವ ಉಳಿದವುಗಳ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಕಷಾಯ ಹೊಯ್ಯುತ್ತಿದ್ದ. ದಸರಾ ಹೊತ್ತಿಗೆ ಹೊಯ್ಯಲು ಬಾಯಿಗಳೇ ಇರಲಿಲ್ಲ. ಅತ್ತಿದ್ದೆಯಾ ಎಂದು ಯಾರಾದರೂ ಕೇಳಿದರೆ, ಇಲ್ಲ. ಗುಂಡಿ ಮುಚ್ಚುವವರಿಗೆ ಅಳಲು ಉಸಿರು ಮಿಗುವುದಿಲ್ಲ. ಆಮೇಲೆ ಉಸಿರು ಬಂತು, ಅಳು ಬರಲಿಲ್ಲ. ಮೈ ಜೋಮು ಹಿಡಿದ ಹಾಗೆ ಇತ್ತು. ಕಸ ಗುಡಿಸಿದೆ, ಮುದ್ದೆ ತಿರುವಿದೆ, ನೀರು ಸೇದಿದೆ.

ದೀಪಾವಳಿಗೆ ನಮ್ಮಲ್ಲಿ ರೊಪ್ಪದೊಳಗೆ ಕುರಿಗಳ ನಡುವೆ ಒಲೆ ಹೂಡಿ ಹಾಲು ಉಕ್ಕಿಸುತ್ತಾರೆ. ಆ ವರ್ಷವೂ ಮಾವ ಉಕ್ಕಿಸಿದ. ಪಕ್ಕದ ಮನೆಯ ಗೌರಕ್ಕನ ಎಮ್ಮೆಯ ಹಾಲು, ಖಾಲಿ ರೊಪ್ಪ. ಹಾಲು ಉಕ್ಕಿ ಒಲೆಗೆ ಬಿತ್ತು, ಹೊಗೆ ಎದ್ದಿತು. ಅವನು ಕೈ ಮುಗಿದು, ತಡಿಕೆ ಎಳೆದು, ಹಿಂಬಾಗಿಲ ಜಗಲಿಯ ಮೇಲೆ ಬಂದು ಕಂಬಳಿ ಹೊದ್ದು ಕೂತ. ಆವತ್ತಿನಿಂದ ಅವನ ಊಟ ನಿಂತಿತು. ಪೂರ್ತಿ ನಿಂತಿತು ಎಂದಲ್ಲ. ಮುದ್ದೆ ಮುರಿಯುತ್ತಿದ್ದ, ಒಂದು ತುತ್ತು ನುಂಗುತ್ತಿದ್ದ, ಉಳಿದದ್ದನ್ನು ಕರಿಯನ ಮುಂದೆ ಇಡುತ್ತಿದ್ದ.

ಗಂಡ ಹೊಸದುರ್ಗದ ಕಡೆ, ಮಾಡದಕೆರೆಯಲ್ಲಿ ಒಬ್ಬರ ಮಂದೆ ಕಾಯಲು ಒಪ್ಪಿಕೊಂಡ. ಆ ಕೆಲಸಕ್ಕೆ ಕೂಲಿಯ ಬದಲು ಮರಿಗಳನ್ನೇ ಕೊಡುತ್ತಾರೆ. ಮತ್ತೆ ಮಂದೆ ಕಟ್ಟಬೇಕಾದರೆ ನಮಗೆ ಬೇರೆ ದಾರಿ ಇರಲಿಲ್ಲ. ಹೊರಡುವ ದಿನ ರೊಟ್ಟಿ ಗಂಟು ಕಟ್ಟಿಕೊಡುವಾಗ ಹೇಳಿದ:

"ಸಂಕ್ರಾಂತಿ ಕಳೀಲಿ, ಮರಿ ಹೊಡ್ಕಂಡು ಬರ್ತೀನಿ. ಅಲ್ಲೀತಂಕ ಅಪ್ಪನ್ನ ಉಳಿಸ್ಕ."

"ಉಳಿಸ್ಕಳಾಕೆ ನಾನೇನು ಡಾಕ್ಟ್ರಾ?"

"ಉಣ್ಣಂಗೆ ಮಾಡು, ಸಾಕು. ರೊಪ್ಪದಾಗೆ ಮರಿ ಕಂಡ್ರೆ ತಾನೇ ಎದ್ದು ಕುಂತ್ಕಂತಾನೆ."

ಹೇಳುವುದು ಸುಲಭ. ನಮ್ಮಲ್ಲಿ ಆಗ ಸೊಸೆ ಮಾವನ ಜೊತೆ ನೇರ ಮಾತಾಡುವ ಹಾಗಿರಲಿಲ್ಲ. ಅತ್ತೆ ಇದ್ದಾಗ ಅತ್ತೆಯ ಮೂಲಕ, ಅತ್ತೆ ಹೋದ ಮೇಲೆ ಗಂಡನ ಮೂಲಕ. ಗಂಡನೂ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಕರಿಯ. ಮಾವ ಕರಿಯನಿಗೆ ಹೇಳುತ್ತಿದ್ದ, ನಾನು ಬಾಗಿಲ ಮರೆಯಿಂದ ಕರಿಯನಿಗೆ ಉತ್ತರ ಕೊಡುತ್ತಿದ್ದೆ. ನಾಯಿ ಇಬ್ಬರ ಮುಖವನ್ನೂ ನೋಡುತ್ತಿತ್ತು. ನಗಬೇಡಿ, ಸಂಸಾರ ನಡೆಯುತ್ತಿತ್ತು.

ಕಾರ್ತೀಕ ಹುಟ್ಟುತ್ತಲೇ ಹಿರಿಯೂರಿನಿಂದ ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದರು. ಗುಡಿಯ ಜಗಲಿಗೆ ಹೆಂಗಸರನ್ನೆಲ್ಲ ಕರೆಸಿ ಕಾಗದದ ಪೊಟ್ಟಣ ಬಿಚ್ಚಿದರು. ಎಲೆಕೋಸು, ನವಿಲುಕೋಸು, ಕ್ಯಾರೆಟ್. ಚಿತ್ರ ತೋರಿಸಿದರು. ಚಳಿಗಾಲದಲ್ಲಿ ಮನೆ ಹಿತ್ತಲಲ್ಲೇ ಬೆಳೆಯಬಹುದು, ಮೈಗೆ ಒಳ್ಳೆಯದು ಅಂದರು. ಗೌರಕ್ಕ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಸ್ವಾಮೇರ, ಇದು ನಾವು ತಿನ್ನಾದಾ, ನಮ್ಮೆಮ್ಮೆ ತಿನ್ನಾದಾ?"

"ಪಟ್ಟಣದಲ್ಲಿ ಎಲ್ಲಾರೂ ತಿಂತಾರಮ್ಮ."

"ಪಟ್ಟಣದೋರು ಬಿಡ್ರಿ, ಅವರು ಏನು ಕೊಟ್ರೂ ತಿಂತಾರೆ."

ಎಲ್ಲರೂ ನಕ್ಕರು, ಗ್ರಾಮಸೇವಕರೂ ನಕ್ಕರು. ಪೊಟ್ಟಣ ಯಾರೂ ಮುಟ್ಟಲಿಲ್ಲ. ನಾನು ತೆಗೆದುಕೊಂಡೆ. ಕೋಸಿನ ಮೇಲೆ ಆಸೆ ಇತ್ತು ಎಂದಲ್ಲ. ಹುರುಳಿ ಸಾರು, ಅವರೆ ಸಾರು, ಸೊಪ್ಪಿನ ಸಾರು, ಯಾವುದು ಇಟ್ಟರೂ ಮಾವನ ಗಂಟಲಿಗೆ ಇಳಿಯುತ್ತಿರಲಿಲ್ಲ. ಕಾಣದ ರುಚಿಯಾದರೂ ಇಳಿದೀತು ಅಂದುಕೊಂಡೆ.

ನಮ್ಮ ಹಿತ್ತಿಲು ಬರೀ ಬಂಡೆ. ಮಣ್ಣು, ಗೊಬ್ಬರ, ಬೇಲಿ ಮೂರೂ ಇದ್ದ ಜಾಗ ಒಂದೇ. ಗುದ್ದಲಿ ಹಿಡಿದು ರೊಪ್ಪದ ತಡಿಕೆ ತೆಗೆದೆ. ಮೊದಲ ಏಟು ಬೀಳುವ ಮುಂಚೆಯೇ ಜಗಲಿಯಿಂದ ಕೂಗು ಬಂತು.

"ಲೇ ಕರಿಯ! ನಿನ್ನ ರೊಪ್ಪಕ್ಕೆ ಗುದ್ದಲಿ ಹಾಕ್ತಾ ಅವ್ಳೆ. ಬಾಯಿ ಬಿದ್ದೋಗೈತೇನ್ಲೇ ನಿಂಗೆ?"

ನಾನು ಸೆರಗು ಎಳೆದುಕೊಂಡು ನಾಯಿಗೆ ಹೇಳಿದೆ. "ಕರಿಯ, ಮರಿ ಬರೋತಂಕ ಈ ಭೂಮಿ ಸುಮ್ಕೆ ಬಿದ್ದಿರಬೇಕಾ ಅಂತ ಕೇಳು."

"ರೊಪ್ಪ ಅಗೀಬಾರ್ದು ಅಂತ ಹೇಳು. ಕುರಿ ಕುಂತ ನೆಲ ಅದು."

"ಕುರಿ ಎಲ್ಲವೆ ಅಂತ ಕೇಳು."

ಕರಿಯ ಅತ್ತ ನೋಡಿದ, ಇತ್ತ ನೋಡಿದ, ಬಂದು ನನ್ನ ಪಕ್ಕದಲ್ಲಿ ಮಲಗಿದ. ನಾನು ಅಗೆದೆ.

ಒಡೆದ ಮಡಕೆಯಲ್ಲಿ ಬೀಜ ಹಾಕಿ, ಸಸಿ ಬೆರಳುದ್ದ ಬಂದ ಮೇಲೆ ಅರ್ಧದಷ್ಟು ಕಿತ್ತು ರೊಪ್ಪದಲ್ಲಿ ನೆಟ್ಟೆ. ನೆಲವೆಲ್ಲ ಹಿಕ್ಕೆ. ಅದಕ್ಕಿಂತ ಬೇರೆ ಗೊಬ್ಬರ ಉಂಟೇ ಎಂಬ ಸೊಕ್ಕು ನಮ್ಮವರಿಗೆಲ್ಲ ಇತ್ತು. ಗೌಡರುಗಳೇ ನಮ್ಮ ಮನೆ ಬಾಗಿಲಿಗೆ ಬಂದು, ನಮ್ಮ ಹೊಲದಲ್ಲಿ ಒಂದೆರಡು ರಾತ್ರಿ ಕುರಿ ಕೂಡಿಸ್ರಪ್ಪ ಎಂದು ಕೇಳುತ್ತಿದ್ದರು. ಆದರೆ ಕುರಿ ಕೂಡಿಸಿದ ಹೊಲಕ್ಕೆ ಮಳೆ ಬೀಳಬೇಕು, ಉಳಬೇಕು, ಆಮೇಲೆ ಬಿತ್ತಬೇಕು. ಅದೂ ನನಗೆ ಗೊತ್ತಿತ್ತು. ಮಳೆಯ ಬದಲು ಕೊಡದ ನೀರು ಸಾಕು ಅಂದುಕೊಂಡೆ. ಮೂರು ನಾಲ್ಕು ದಿನಕ್ಕೆ ಎಲೆಯ ಅಂಚು ಕಂದಿತು, ಆಮೇಲೆ ಸುರುಟಿತು. ವಾರದೊಳಗೆ ನೆಟ್ಟ ಅಷ್ಟೂ ಸಸಿ ಹಂಚಿನ ಮೇಲೆ ಬಾಡಿಸಿದ ಹಾಗೆ ನೆಲಕ್ಕೆ ಅಂಟಿದವು.

"ಲೇ ಕರಿಯ, ನೋಡ್ಲಾ, ಕೆಂಡದ ಮ್ಯಾಲೆ ಸಸಿ ಮಡಗಿ ನೀರು ಚಿಮುಕಿಸ್ತಾ ಅವ್ಳೆ" ಅಂದ ಮಾವ. "ನಮ್ಮಪ್ಪನ ಕಾಲದ ಹಿಕ್ಕೆ ಅದು. ನೇಗಿಲು ಕಾಣದ ಹಿಕ್ಕೆ."

ದೀಪಾವಳಿಯಾದ ಮೇಲೆ ಅವನು ಆಡಿದ ಉದ್ದದ ಮಾತು ಅದೇ. ಬೈದದ್ದಾದರೂ ಸರಿ, ಬಾಯಿ ತೆರೆದನಲ್ಲ.

ಹಿಕ್ಕೆಯನ್ನೆಲ್ಲ ಕೆರೆದು ಮೂಲೆಗೆ ಗುಡ್ಡೆ ಹಾಕಿದೆ. ಕೆರೆಯ ಅಂಚಿನ ಗೋಡುಮಣ್ಣನ್ನು ಮಂಕರಿಯಲ್ಲಿ ಹೊತ್ತು ತಂದು ಸುರಿದೆ, ಹಿಕ್ಕೆಯನ್ನು ಉಪ್ಪು ಉದುರಿಸಿದಷ್ಟು ಮಾತ್ರ ಬೆರೆಸಿದೆ. ಹೊತ್ತೂ ಹೊತ್ತೂ ಕುತ್ತಿಗೆ ಹಿಡಿಯಿತು. ಮಡಕೆಯಲ್ಲಿ ಮಿಕ್ಕಿದ್ದ ಸಸಿ ನೆಟ್ಟೆ, ಕ್ಯಾರೆಟ್ ಬೀಜ ಉದುರಿಸಿದೆ. ಈ ಸಲ ಸಸಿ ನಿಂತವು. ಕ್ಯಾರೆಟ್ ಮಾತ್ರ ಕಲ್ಲಿಗೆ ಸಿಕ್ಕಿ ಮುದುಕಿಯ ಬೆರಳಿನ ಹಾಗೆ ಸೊಟ್ಟಗೆ ಬೆಳೆದವು. ಅವನ್ನು ತೊಳೆದು ಹಸಿಯಾಗಿಯೇ ತಿಂದೆ. ಸಿಹಿ ಇತ್ತು. ಅಷ್ಟೇ.

ಮಾರ್ಗಶಿರದ ಚಳಿ ಬಂತು. ಬೆಳಿಗ್ಗೆ ಕೋಸಿನ ಎಲೆಯ ಮೇಲೆ ಇಬ್ಬನಿ ಗುಂಡುಗುಂಡಾಗಿ ನಿಲ್ಲುತ್ತಿತ್ತು. ಎಲೆ ಅಂಗೈ ಅಗಲ ಆದ ಕೂಡಲೇ ಕಿತ್ತು ಸಾರು ಮಾಡಿದೆ. ನಮ್ಮಲ್ಲಿ ಸೊಪ್ಪು ಅಂದರೆ ಕೀಳುವುದು, ಮತ್ತೆ ಚಿಗುರುವುದು, ಮತ್ತೆ ಕೀಳುವುದು. ಕೋಸನ್ನು ಬೇರೆ ಥರ ನೋಡಬೇಕು ಎಂದು ನನಗೆ ತೋಚಲಿಲ್ಲ. ಬೇಯುವಾಗ ಮನೆಯೆಲ್ಲ ಆ ವಾಸನೆ. ಮಾವ ತಟ್ಟೆಯ ಮುಂದೆ ಕೂತು ಮೂಗು ಸಿಂಡರಿಸಿದ.

"ಇದೇನ್ಲೇ ಕರಿಯ, ಇಲಿ ಸತ್ತೈತೇನೋ ಎಲ್ಲೋ."

"ಇಲಿ ಅಲ್ಲ, ಕೋಸು ಅಂತ ಹೇಳು" ಅಂದೆ.

ಬೈಯುತ್ತಲೇ ಉಂಡ. ಅರ್ಧ ಮುದ್ದೆ ಹೋಯಿತು. ಮಾರನೆಯ ದಿನವೂ ಬೈದ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಯಿತು. ಕರಿಯನ ಪಾಲು ಕಮ್ಮಿಯಾಯಿತು.

ಒಂದು ದಿನ ಗೌರಕ್ಕನ ಮೇಕೆ ತಡಿಕೆ ನೂಕಿ ಒಳಗೆ ನುಗ್ಗಿತು. ನಾನು ಬಾವಿಯ ಹತ್ತಿರ ಇದ್ದೆ. ತಿರುಗಿ ನೋಡಿದರೆ ಮಾವ ಜಗಲಿಯಿಂದ ಇಳಿದು, ಚಪ್ಪಲಿ ಬಿಟ್ಟು, ಕೋಲು ಹಿಡಿದು ರೊಪ್ಪದೊಳಗೆ ನಿಂತಿದ್ದಾನೆ. ಮೇಕೆ ಓಡಿಹೋಗಿತ್ತು. ಅವನು ಹೊರಗೆ ಬರಲಿಲ್ಲ, ಗೋಡೆಗೆ ಒರಗಿ ಅಲ್ಲೇ ಕೂತ. ಆವತ್ತಿನಿಂದ ಅವನ ಜಾಗ ಜಗಲಿಯಲ್ಲ, ರೊಪ್ಪ. ಎಲೆಯ ಕೆಳಗೆ ಹಸಿರು ಹುಳ ಬಿದ್ದಾಗ ಒಂದೊಂದನ್ನೂ ಕೈಯಲ್ಲಿ ಹೆಕ್ಕಿದ, ಕುರಿಯ ಮೈಯಿಂದ ಉಣ್ಣೆಹುಳ ಹೆಕ್ಕುತ್ತಿದ್ದ ಹಾಗೆ. ಗಿಡಗಳಿಗೆ ಹೆಸರೂ ಇಟ್ಟ. ಬಿಳೇದು, ಮೊಂಡುಕಿವಿ, ಬಾಗಿಲೋಳು. ಸತ್ತ ಕುರಿಗಳ ಹೆಸರೇ ಅವು. ನಾನು ಕೇಳಿಸಿಕೊಂಡು ಕೆಲಸ ಮಾಡಿದೆ.

ಗೌರಕ್ಕ ಬಾವಿಯ ಕಟ್ಟೆಯ ಮೇಲೆ ಕೇಳಿದಳು: "ಏನೇ, ನಿಮ್ಮ ಮಾವ ಕೋಸು ಕಾಯ್ತಾ ಅವ್ನಂತೆ?"

"ಹೂಂ. ಸಂಜೆ ಹೊತ್ತು ನೀರಿಗೂ ಬಿಡ್ತಾನೆ" ಅಂದೆ.

ನಾನು ಎಲೆ ಕೀಳುವುದನ್ನು ಮಾವ ಸ್ವಲ್ಪ ದಿನ ನೋಡಿದ. ಒಂದು ಬೆಳಿಗ್ಗೆ ಕೋಲನ್ನು ನನಗೂ ಗಿಡಕ್ಕೂ ನಡುವೆ ಅಡ್ಡ ಹಿಡಿದ.

"ಲೇ ಕರಿಯ, ಇಂಥ ಚಳ್ಯಾಗೆ ತುಪ್ಪಟ ಕತ್ರಿಸಿದ್ರೆ ಕುರಿ ಉಳೀತೈತಾ ಕೇಳು."

"ಇದು ಕುರಿ ಅಲ್ಲ, ಸೊಪ್ಪು ಅಂತ ಹೇಳು."

"ಹೊದ್ಕಳಾಕೆ ಬಿಡು ಅಂತ ಹೇಳು. ಹೊದ್ಕಂಡ್ರೆ ತಾನೇ ಮೈ ತುಂಬಾದು?"

ಕಂಬಳಿಯ ಅಂಚಿನಿಂದ ಕರಿ ನೂಲು ಎಳೆದು ಕೆಲವು ಗಿಡಗಳ ಬುಡಕ್ಕೆ ಕಟ್ಟಿದ. ನೂಲು ಕಟ್ಟಿದವು ಅವನವು, ಮುಟ್ಟಬಾರದು. ಉಳಿದವು ನನ್ನವು, ಕಿತ್ತುಕೊಂಡು ಸಾಯಲಿ. ಹಾಗೆ ಪಾಲಾಯಿತು. ಪುಷ್ಯ ಬರುವ ಹೊತ್ತಿಗೆ ನನ್ನ ಗಿಡಗಳು ಬೋಳು ದಂಟಿನ ಮೇಲೆ ನಾಲ್ಕು ಎಲೆ ಹೊತ್ತುಕೊಂಡು ನಿಂತಿದ್ದವು. ಅವನ ಗಿಡಗಳಲ್ಲಿ ಎಲೆಗಳು ಒಂದರ ಮೇಲೊಂದು ಮುಚ್ಚಿ ಗುಂಡಗಾದವು. ಚಿತ್ರದಲ್ಲಿದ್ದ ಹಾಗೆಯೇ. ನವಿಲುಕೋಸೂ ನೆಲದ ಮೇಲೆ ಗಡ್ಡೆ ಬಿಟ್ಟವು. ಗ್ರಾಮಸೇವಕರು ಬಂದು ನೋಡಿ, ಭೇಷ್ ಕಣಜ್ಜ ಅಂದರು. ಮಾವ ಅವರನ್ನು ಕೇಳಿದ್ದು ಒಂದೇ ಮಾತು: "ಚಪ್ಪಲಿ ಬಿಟ್ಟು ಬಂದ್ರಾ?"

ಸಂಕ್ರಾಂತಿಯ ಮುಂಚೆ ಹೊಸದುರ್ಗದ ಕಡೆಯ ಒಬ್ಬ ಕಂಬಳಿ ಮಾರುವವನ ಕೈಯಲ್ಲಿ ಗಂಡ ಹೇಳಿ ಕಳಿಸಿದ. ಮರಿ ಸಿಕ್ಕವೆ, ಹಬ್ಬ ಮುಗಿಸಿಕೊಂಡು ಹೊರಡುತ್ತೇನೆ. ಮಾವ ಆವತ್ತು ಒಂದು ಮುದ್ದೆ ಪೂರ್ತಿ ಉಂಡ. ನನಗೆ ಇನ್ನೇನು ದಡ ಮುಟ್ಟಿದೆ ಅನ್ನಿಸಿತು.

ಕೆಮ್ಮು ಶುರುವಾದದ್ದು ಆಮೇಲೆ. ಇಬ್ಬನಿ ಬೀಳುವ ಹೊತ್ತಿನಲ್ಲೇ ಎದ್ದು ರೊಪ್ಪಕ್ಕೆ ಹೋಗುತ್ತಿದ್ದ.

"ಬಿಸಿಲು ಬರ್ಲಿ, ಆಮ್ಯಾಕೆ ಹೋಗು ಅಂತ ಹೇಳು ಕರಿಯ" ಅಂದೆ.

"ಬಿಸಿಲಿಗೆ ಹುಳ ಎಲೆ ಅಡೀಗೆ ಹೋಗ್ತವೆ ಅಂತ ಹೇಳು."

ಕೆಮ್ಮು ಎದೆಗೆ ಇಳಿಯಿತು. ಜವನಗೊಂಡನಹಳ್ಳಿಯಿಂದ ಕಾಂಪೌಂಡರನ್ನು ಕರೆಸಿದೆ. ಅವರು ಬೆನ್ನು ಬಡಿದು ನೋಡಿ ಕೆಂಪು ಔಷಧಿಯ ಬಾಟಲಿ ಕೊಟ್ಟರು, ಬಿಸಿ ನೀರು ಕುಡಿಸಿ ಅಂದರು. ಔಷಧಿ ಕುಡಿದ. ಊಟ ಮತ್ತೆ ನಿಂತಿತು. ರೊಪ್ಪಕ್ಕೆ ಹೋಗಲು ಆಗದೆ ನಡುಮನೆಯಲ್ಲಿ ಮಲಗಿ, ಯಾವ ಹೊತ್ತೂ ಹಿಂದಿನ ಬಾಗಿಲ ಕಡೆ ಮುಖ ಮಾಡಿರುತ್ತಿದ್ದ. ಮರಿಗಳ ಸದ್ದಿಗೆ ಕಾಯುತ್ತಿದ್ದ ಎಂದು ಊರವರು ಹೇಳುತ್ತಾರೆ. ಇರಬಹುದು. ಆ ಬಾಗಿಲಿಂದ ಬಿಸಿಲೂ ಬರುತ್ತಿತ್ತು.

ಒಂದು ಮಧ್ಯಾಹ್ನ ನಾನು ಕುಡುಗೋಲು ಹಿಡಿದು ರೊಪ್ಪಕ್ಕೆ ಹೋದೆ. ನೂಲು ಕಟ್ಟಿದ ಗಿಡಗಳಲ್ಲಿ ದೊಡ್ಡದನ್ನು, ಬಿಳೇದು ಅನ್ನುವುದನ್ನು, ಬುಡದಿಂದ ಕತ್ತರಿಸಿದೆ. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಿದ್ದ. ಒಳಗೆ ಬಿಳಿ, ಗಟ್ಟಿ, ಕೊಯ್ದರೆ ಕರಕರ ಅನ್ನುತ್ತಿತ್ತು. ಈರುಳ್ಳಿ, ಒಣಮೆಣಸಿನಕಾಯಿ ಹಾಕಿ ಪಲ್ಯ ಮಾಡಿ, ಮುದ್ದೆಯ ಪಕ್ಕ ಇಟ್ಟೆ. ಎಬ್ಬಿಸಿ ಗೋಡೆಗೆ ಒರಗಿಸಿದೆ. ಮಾವನ ಮೈ ಮುಟ್ಟಿದ್ದು ಅದೇ ಮೊದಲು. ಹಗುರ ಇದ್ದ. ಕರಿಯ ಹೊಸ್ತಿಲ ಆಚೆ ಎಲ್ಲೋ ಹೋಗಿದ್ದ.

ಅವನು ಪಲ್ಯ ನೋಡಿದ. ಯಾವ ಗಿಡ ಎಂದು ಗೊತ್ತಾಗಿರಬೇಕು. ಒಂದು ತುತ್ತು ತಿಂದ, ನಿಧಾನವಾಗಿ ಇನ್ನೊಂದು ತಿಂದ. ನಾಯಿಗಾಗಿ ಕಣ್ಣಾಡಿಸಿದ. ಕಾಣಲಿಲ್ಲ. ಆಮೇಲೆ ನನ್ನ ಮುಖ ನೋಡಿ ಅಂದ:

"ಉಪ್ಪು ಸಾಲ್ದು ಕಣಮ್ಮ."

ನಾನು ಉಪ್ಪು ತರಲು ಒಳಗೆ ಹೋದೆ. ತಂದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಬೇಡ ಎಂದು ಕೈ ಆಡಿಸಿದ. ಮರುದಿನ ಬೆಳಿಗ್ಗೆ ಒಲೆ ಹಚ್ಚಿ, ಬಿಸಿ ನೀರು ಹಿಡಿದು ಹೋದರೆ ಉಸಿರಿರಲಿಲ್ಲ. ನೀರಿನ ಲೋಟ ಕೆಳಗಿಟ್ಟು, ಗೌರಕ್ಕನನ್ನು ಕರೆದೆ. ಉಪ್ಪಿನ ಬಟ್ಟಲು ಅಲ್ಲೇ ಅವನ ತಲೆಯ ಹತ್ತಿರ ಇತ್ತು. ತೆಗೆದು ಗೂಡಿನಲ್ಲಿಟ್ಟೆ.

ಗೌರಕ್ಕನ ಗಂಡ ಸೈಕಲ್ ಹತ್ತಿ ಹೊರಟ. ನನ್ನ ಗಂಡ ಹಿರಿಯೂರು ದಾಟಿ ಮರಿ ಹೊಡೆದುಕೊಂಡು ಬರುತ್ತಿದ್ದವನು ದಾರಿಯಲ್ಲೇ ಸಿಕ್ಕ. ಬಿಸಿಲು ಇಳಿಯುವ ಮುಂಚೆ ಮನೆ ಮುಟ್ಟಿದ. ಅಂಗಳದಲ್ಲಿ ಹೆಣ, ಹೆಣದ ಸುತ್ತ ಜನ, ಜನರ ಕಾಲಸಂದಿಯಲ್ಲಿ ಮರಿಗಳು ಹಸಿದು ಅರಚುತ್ತಿದ್ದವು. ಹೂಳಿ ಬಂದರು. ಆಮೇಲೆ ಹಿರಿಯರು ಕೂತು ಮಾತು ತೆಗೆದರು.

"ಅಗೆದ ರೊಪ್ಪಕ್ಕೆ ಮರಿ ಬಿಡಬ್ಯಾಡಪ್ಪ. ಸೂತಕ ಕಳೀಲಿ, ಶಾಂತಿ ಮಾಡ್ಸು, ಸೊಪ್ಪುಸದೆ ಎಲ್ಲಾ ಕಿತ್ತು ಸುಡು. ಆಮ್ಯಾಕೆ ನೋಡಾಣ."

"ಅಲ್ಲಿ ಬೆಳೆದಿದ್ದನ್ನೇ ಉಣ್ಣಿಸ್ಯವ್ಳೆ, ಪಾಪ" ಅಂದಳು ಗೌರಕ್ಕ. ಕೆಟ್ಟ ಮನಸ್ಸಿನಿಂದಲ್ಲ, ಅವಳ ಬಾಯಿಯೇ ಹಾಗೆ. ಕಥೆ ಹುಟ್ಟಿದ್ದು ಅಲ್ಲಿ.

ಎಲ್ಲರೂ ಹೋದ ಮೇಲೆ ಗಂಡ ಹೊಸ್ತಿಲ ಮೇಲೆ ಕೂತು ಕೇಳಿದ:

"ಏನು ಉಣ್ಣಿಸ್ದೆ?"

"ಕೋಸು."

"ಉಂಡ್ನಾ?"

"ಎರಡು ತುತ್ತು. ಉಪ್ಪು ಸಾಲ್ದು ಅಂದ."

"ಯಾರಿಗೆ ಅಂದ?"

"ನಂಗೆ."

"ನಿಂಗೇ ಅಂದ್ನಾ?"

"ನಂಗೇ."

ಉಳಿಸಿಕೊಳ್ಳಲಿಲ್ಲ ಯಾಕೆ ಎಂದು ಅವನು ಕೇಳಲಿಲ್ಲ. ಮರಿಗಳನ್ನು ನಡುಮನೆಯಲ್ಲಿ, ಮಾವ ಮಲಗುತ್ತಿದ್ದ ಜಾಗದಲ್ಲೇ ಕೂಡಿಕೊಂಡೆವು. ಹೊರಗೆ ತೋಳದ ಭಯ.

ಮರುದಿನ ಬೆಳಿಗ್ಗೆ ಗಂಡ ಏಳುವ ಮುಂಚೆ ನಾನು ರೊಪ್ಪಕ್ಕೆ ಹೋದೆ. ನೂಲು ಕಟ್ಟಿದ್ದ ಗಿಡಗಳ ಬುಡದಲ್ಲಿ ಕೂತು ಒಂದೊಂದೇ ನೂಲು ಬಿಚ್ಚಿದೆ. ನೂಲು ಮರಿಯ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಬಿಚ್ಚಿದ್ದನ್ನು ಸೆರಗಿಗೆ ಗಂಟು ಹಾಕಿಕೊಂಡು ತಡಿಕೆ ಪೂರ್ತಿ ತೆರೆದೆ. ಆಮೇಲೆ ನಡುಮನೆಯ ಹಿಂಬಾಗಿಲು ತೆಗೆದೆ. ಮರಿಗಳು ಹಿತ್ತಲಲ್ಲಿ ಒತ್ತಿಕೊಂಡು ನಿಂತವು. ಕರಿಯ ಹಿಂದಿನಿಂದ ಬಂದು ಒಂದು ಸಲ ಬೊಗಳಿದ. ಒಂದು ಮರಿ ರೊಪ್ಪದೊಳಗೆ ಕಾಲಿಟ್ಟು ಮೊಂಡುಕಿವಿಯ ಹೊರಗಿನ ಎಲೆಗೆ ಬಾಯಿ ಹಾಕಿತು. ಅದರ ಹಿಂದೆ ಎಲ್ಲವೂ ಹೋದವು.

ಗಂಡ ಕಂಬಳಿ ಹೊದ್ದು ಬಾಗಿಲಲ್ಲಿ ಬಂದು ನಿಂತ. "ಏ, ಹಿರೇರು ಏನಂದ್ರು?"

"ಹಿರೇರು ಮೇವು ಕೊಡ್ತಾರೇನ್ರಿ?" ಅಂದೆ.

ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮರಿಗಳ ಬೆನ್ನು ಮುಟ್ಟಿ ನೋಡತೊಡಗಿದ. ಕರಿಯ ಬಾಗಿಲಿಗೆ ಅಡ್ಡ ಮಲಗಿದ. ಮರಿಗಳಿಗೆ ಕುಡಿಯಲು ನೀರು ಬೇಕಿತ್ತು. ಕೊಡ ತೆಗೆದುಕೊಂಡು ಬಾವಿಗೆ ಹೋದೆ.